ದಿನವೂ ಭಾನುವಾರವೆ?

ನಿವೃತ್ತನಾದವನನ್ನು ಕಂಡೊಡನೆ ಜನರು ತಪ್ಪದೆ ಆಡುವ ಮಾತೊಂದಿದೆ: "ನಿಮಗೇನು ಸಾರ್, ಇನ್ನು ದಿನವೂ ಭಾನುವಾರ." 2011ರಲ್ಲಿ ನಾನು ಸೇವೆಯಿಂದ ಹೊರಬಂದಾಗಿನಿಂದ ಈ ಮಾತನ್ನು ಮದುವೆಮನೆಗಳಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಹಾಸನದ ಬಸ್ ನಿಲ್ದಾಣದಲ್ಲಿ ಕೇಳುತ್ತಲೇ ಬಂದಿದ್ದೇನೆ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಕೆಲವರ ದನಿಯಲ್ಲಿ ತುಸು ಅಸೂಯೆಯೂ ಇರುತ್ತದೆ. ನಾನೂ ನಕ್ಕು ತಲೆಯಾಡಿಸುತ್ತಿದ್ದೆ. ಆದರೆ ಈಚೆಗೆ 1982ರ ತಂಡದ ವಿದ್ಯಾರ್ಥಿಯೊಬ್ಬ, ಈಗ ಸರಕಾರಿ ಕಚೇರಿಯೊಂದರಲ್ಲಿ ಹಿರಿಯ ಅಧಿಕಾರಿ, ದೂರವಾಣಿ ಮಾಡಿ, "ಸಾರ್, ಇನ್ನು ಕೆಲವೇ ತಿಂಗಳು. ಆಮೇಲೆ ನನಗೂ ನಿಮ್ಮ ಹಾಗೆ ದಿನವೂ ಭಾನುವಾರ" ಎಂದಾಗ ಏಕೋ ನಗು ಬರಲಿಲ್ಲ.

ಅವನಿಗೆ ಆಗ ಏನೂ ಹೇಳಲಿಲ್ಲ. ಹೇಳಬೇಕಾದುದು ದೂರವಾಣಿಯಲ್ಲಿ ಮುಗಿಯುವಂಥದೂ ಆಗಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆ, ಅವನಂತೆ ಇಂದೋ ನಾಳೆಯೋ ನಿವೃತ್ತರಾಗಲಿರುವ ನಿಮ್ಮಲ್ಲಿ ಹಲವರೂ ಓದುತ್ತೀರಿ. ನನ್ನ ಅಭಿಪ್ರಾಯ ಇಷ್ಟು: ದಿನವೂ ಭಾನುವಾರ ಎಂಬ ಮಾತು ನಿವೃತ್ತನಾದವನ ಪಾಲಿಗೆ ಸುಳ್ಳು. ಅವನ ಮನೆಯಾಕೆಯ ಪಾಲಿಗೆ ಮಾತ್ರ ಅದು ನಿಜ, ಅದೂ ನಾವು ಭಾವಿಸುವ ಅರ್ಥದಲ್ಲಿ ಅಲ್ಲ.

ಮೊದಲು ನನ್ನ ಕಥೆ. ನನ್ನ ತಲೆಮಾರಿನ ಮೇಷ್ಟರುಗಳಲ್ಲಿ ಬಹುಮಂದಿ ಜೂನ್ 1ರಂದು ಹುಟ್ಟಿದವರು. ಇದೇನೂ ಪವಾಡವಲ್ಲ. ಶಾಲೆಗೆ ಸೇರಿಸಲು ಕರೆದೊಯ್ದ ತಂದೆ, "ರಾಗಿ ಒಕ್ಕಣೆ ಕಾಲದಲ್ಲಿ ಹುಟ್ಟಿದ್ದು, ವರ್ಷ ಸರಿಯಾಗಿ ಜ್ಞಾಪಕವಿಲ್ಲ" ಎಂದರೆ, ಹೆಡ್ ಮೇಷ್ಟರು ಹುಡುಗನನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಸೇರಿಸಿಕೊಳ್ಳಲು ತಕ್ಕ ವಯಸ್ಸು ಬರುವಂತೆ ಲೆಕ್ಕಹಾಕಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಾನು ಹಾಗೆ 1951ರ ಜೂನ್ 1ರಂದು ಹುಟ್ಟಿದವನು. ತಿಂಗಳ ಮೊದಲ ದಿನ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನಿಯಮ. ರಾಜ್ಯ ಸರಕಾರ 2008ರಲ್ಲಿ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದರಿಂದ, 2009ರಲ್ಲಿ ಹೊರಬರಬೇಕಾದ ನಾನು 2011ರ ಮೇ 31ರಂದು ಹೊರಬಂದೆ. ಅಂದು ಮಂಗಳವಾರ. ಬೇಸಿಗೆ ರಜೆಯ ಬಾಲಕ್ಕೆ ಗಂಟುಹಾಕಿದಂತೆ ಬಂದ ನಿವೃತ್ತಿ. ಹಾರ, ಶಾಲು, ಭಾಷಣಗಳೆಲ್ಲ ಏಪ್ರಿಲಿನ ಫಲಿತಾಂಶದ ದಿನವೇ, ಮಕ್ಕಳಿರುವಾಗಲೇ ಮುಗಿದುಹೋಗಿದ್ದವು. ಹೀಗಾಗಿ ಆ ಮಂಗಳವಾರ ನನಗೆ ವಿಶೇಷವಾಗಿ ಏನೂ ಅನ್ನಿಸಲಿಲ್ಲ. ಪುಸ್ತಕದ ಬೀರುವಿನ ಬೀಗದ ಕೈ ಒಪ್ಪಿಸಿ, ಎರಡು ವಹಿಗಳಲ್ಲಿ ಸಹಿಮಾಡಿ ಮನೆಗೆ ಬಂದೆ.

ನಿಜವಾದ ನಿವೃತ್ತಿ ಬಂದದ್ದು ಜೂನ್ 6ರ ಸೋಮವಾರ. ಆಗ ನಾವಿನ್ನೂ ಅರಕಲಗೂಡು ಸೀಮೆಯ ಆ ಹಳ್ಳಿಯಲ್ಲೇ ಇದ್ದೆವು. ಶಾಲೆಗೂ ಮನೆಗೂ ಒಂದು ಕೂಗಳತೆ. ಗಂಟೆಯೆಂದರೆ ನಿಮಗೆ ನೆನಪಿರಬೇಕು, ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡು. ಅದು ಬಾರಿಸಿದಾಗ ನಾನು ಅಂಗಿ ತೊಟ್ಟು, ಪೆನ್ನು ಜೇಬಿಗೆ ಸಿಕ್ಕಿಸಿ, ಬಾಗಿಲ ಬಳಿ ಚಪ್ಪಲಿಯಲ್ಲಿ ಕಾಲಿಟ್ಟು ನಿಂತಿದ್ದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಪ್ರಾರ್ಥನೆ ಮುಗಿದು, ಮಕ್ಕಳು ತರಗತಿಗೆ ಹೋಗುವ ಗದ್ದಲವೂ ಅಡಗಿದ ಮೇಲೆ ಮೆಲ್ಲನೆ ಚಪ್ಪಲಿ ಬಿಟ್ಟು ಒಳಬಂದೆ. ನನ್ನ ಪತ್ನಿ ನೋಡಿಯೂ ನೋಡದವಳಂತೆ, "ಸ್ವಲ್ಪ ಕಾಫಿ ಕುಡೀತೀರಾ?" ಎಂದಳು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಕಾಫಿ ಮಾಡಿದ್ದು ಅದೇ ಮೊದಲು. ಆ ಕಾಫಿಯ ವಿಷಯಕ್ಕೆ ಮುಂದೆ ಬರುತ್ತೇನೆ.

ಮೇಷ್ಟರ ವಾರಕ್ಕೆ ಒಂದು ಆಕಾರವಿತ್ತು. ಸೋಮವಾರಕ್ಕೆ ಪಾಠಟಿಪ್ಪಣಿ ಸಿದ್ಧವಿರಬೇಕು. ಬುಧವಾರ, ಗುರುವಾರಗಳು ಎತ್ತಿನಗಾಡಿಯ ಹಾಗೆ ತಾವಾಗಿಯೇ ಸಾಗುತ್ತಿದ್ದವು. ಶನಿವಾರ ಬೆಳಗಿನ ಶಾಲೆ. ಕವಾಯತು, ನಾಲ್ಕು ಪಾಠ, ಹನ್ನೊಂದೂವರೆಗೆ ಉದ್ದನೆಯ ಗಂಟೆ. ಇಡೀ ವಾರದಲ್ಲಿ ಅತ್ಯಂತ ಸವಿಯಾದ ಹೊತ್ತು ಯಾವುದೆಂದು ಕೇಳಿದರೆ ಭಾನುವಾರವೆಂದು ನಾನು ಹೇಳಲಾರೆ. ಶನಿವಾರದ ಆ ಹನ್ನೊಂದೂವರೆ ಎಂದೇ ಹೇಳುತ್ತೇನೆ. ಭಾನುವಾರವಿನ್ನೂ ಪೂರ್ತಿಯಾಗಿ, ಮುಟ್ಟದ ಬೆಲ್ಲದಚ್ಚಿನಂತೆ, ಮುಂದಿರುತ್ತಿತ್ತು. ಭಾನುವಾರ ಬಂದ ಮೇಲೆ ಅದು ಕರಗತೊಡಗುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೋಮವಾರದ ನೆರಳು ಅಂಗಳಕ್ಕೆ ಬಂದಿರುತ್ತಿತ್ತು. ತಿದ್ದದ ಉತ್ತರಪತ್ರಿಕೆಗಳ ಕಟ್ಟು ಕಣ್ಣಿಗೆ ಬೀಳುತ್ತಿತ್ತು. ಅಂದರೆ ಭಾನುವಾರಕ್ಕೆ ರುಚಿ ಬರುತ್ತಿದ್ದುದು ಅದರ ಎರಡೂ ಮಗ್ಗುಲಲ್ಲಿ ನಿಂತ ಕೆಲಸದ ದಿನಗಳಿಂದ. ಎರಡೂ ಕಡೆಯ ಗೋಡೆ ಬಿದ್ದ ಮೇಲೆ ಅದು ಕೋಣೆಯಾಗಿ ಉಳಿಯಲಿಲ್ಲ, ಬಯಲಾಯಿತು. ಮೊದಲ ವರ್ಷ ನಾನು ಭಾನುವಾರವನ್ನು ಗುರುತಿಸುತ್ತಿದ್ದುದು ಪತ್ರಿಕೆಯಿಂದ. ಹುಡುಗ ಅಂಗಳಕ್ಕೆ ಎಸೆದ ಪತ್ರಿಕೆ ದಪ್ಪಗಿದ್ದರೆ, ಪುರವಣಿ ಇದೆ, ಭಾನುವಾರ ಎಂದು ತಿಳಿಯಬೇಕು. ಲೆಕ್ಕದ ಮೇಷ್ಟರಾಗಿದ್ದೂ, ತಿಂಗಳ ಎರಡನೆಯ ಶನಿವಾರ ಯಾವುದೆಂದು ಎಣಿಸದೆ ಬ್ಯಾಂಕಿಗೆ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬಂದದ್ದೂ ಉಂಟು. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ, ನಾಲ್ಕನೆಯ ಶನಿವಾರಗಳು ಪೂರ್ಣ ರಜೆ ಎಂಬುದು ದುಡಿಯುವವರಿಗೆಲ್ಲ ಬಾಯಿಪಾಠ; ನನಗೆ ಅಲ್ಲ.

ಇದರಿಂದ ನಮಗೆ ಆಗುವ ನಷ್ಟ ಹಾಗಿರಲಿ, ಇತರರಿಗೆ ನಾವು ಕೊಡುವ ಉಪದ್ರವ ಸಣ್ಣದಲ್ಲ. ವಾರ ಮರೆತ ಮನುಷ್ಯ ಇನ್ನೊಬ್ಬರ ವಾರವನ್ನೂ ಮರೆಯುತ್ತಾನೆ. ಒಮ್ಮೆ ಬೆಳಿಗ್ಗೆ ಏಳು ಗಂಟೆಗೆ ಬೆಂಗಳೂರಿನಲ್ಲಿರುವ ವಿದ್ಯಾರ್ಥಿಯೊಬ್ಬನಿಗೆ ಕರೆಮಾಡಿ, ನನ್ನ ಮೊಬೈಲಿನಲ್ಲಿ ಕನ್ನಡ ಅಕ್ಷರ ಮೂಡಿಸುವುದು ಹೇಗೆಂದು ವಿಚಾರಿಸತೊಡಗಿದೆ. ಅವನು ನಿದ್ದೆಗಣ್ಣಿನಲ್ಲೇ, "ಹೇಳಿ ಸಾರ್" ಎಂದು ಇಪ್ಪತ್ತು ನಿಮಿಷ ವಿವರಿಸಿದ. ನಡುವೆ ಹಿಂದಿನಿಂದ ಹೆಂಗಸಿನ ದನಿಯೊಂದು, "ಭಾನುವಾರಾನೂ ಬಿಡಲ್ವಾ ಇವರು?" ಎಂದದ್ದು ನನ್ನ ಕಿವಿಗೂ ಬಿತ್ತು. ಕಚೇರಿಗೆ ಹೋಗಿಬರುವುದರಲ್ಲೇ ದಿನಕ್ಕೆ ಮೂರು ಗಂಟೆ ಕಳೆಯುವ ಹುಡುಗ ಅವನು. ವಾರಕ್ಕೊಮ್ಮೆ ತಡವಾಗಿ ಏಳುವ ಅವನ ಹಕ್ಕನ್ನು ನಾನು ಕಿತ್ತುಕೊಂಡಿದ್ದೆ, ಅದೂ ಆ ದಿನ ಯಾವುದೆಂಬ ಅರಿವೇ ಇಲ್ಲದೆ. ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದು ಸರಿ.

ನಮ್ಮ ಮಗ ಅಮೆರಿಕದ ಪಶ್ಚಿಮ ತೀರದಲ್ಲಿದ್ದಾನೆ. ಅವನ ಕರೆ ಬರುವುದೂ ಭಾನುವಾರ ಬೆಳಿಗ್ಗೆಯೇ. ಅವನಿಗೆ ಅದು ಶನಿವಾರ ರಾತ್ರಿ ಎಂಟು ಗಂಟೆ. ನಮಗೆ ಎಂಟೂವರೆ. ನವೆಂಬರಿನಲ್ಲಿ ಅವರು ತಮ್ಮ ಗಡಿಯಾರಗಳನ್ನು ಹಿಂದಕ್ಕೆ ತಿರುಗಿಸಿಕೊಂಡ ಮೇಲೆ, ಮಾರ್ಚ್‌ವರೆಗೆ, ಅದು ಒಂಬತ್ತೂವರೆಯಾಗುತ್ತದೆ. ಇದು ನನ್ನ ಪತ್ನಿಗೆ ಚೆನ್ನಾಗಿ ಗೊತ್ತು. ಆದರೂ ಚಳಿಗಾಲದ ಭಾನುವಾರಗಳಲ್ಲಿ ಅವಳು ಎಂಟೂವರೆಗೇ ಕೈ ಒರೆಸಿಕೊಂಡು ಬಂದು ಕುಳಿತುಕೊಳ್ಳುತ್ತಾಳೆ. ನಿವೃತ್ತರ ಭಾನುವಾರವೆಂದರೆ ಬಹುಮಟ್ಟಿಗೆ ಇದೇ. ಅದು ನಮ್ಮದಲ್ಲ, ದುಡಿಯುವ ಮಕ್ಕಳ ಭಾನುವಾರದಿಂದ ನಮ್ಮ ಪಾಲಿಗೆ ಬರುವ ಒಂದು ಹೋಳು.

ಭಾನುವಾರದ ರಜೆ ನಮ್ಮ ಹಿರಿಯರ ಕಾಲದ್ದೂ ಅಲ್ಲ. ವೇದಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ ದಿನಗಳಾಗಿದ್ದವು; ಬಿಡುವು ಬರುತ್ತಿದ್ದುದು ತಿಥಿಯಿಂದ, ವಾರದಿಂದಲ್ಲ. ಹಳ್ಳಿಗೆ ವಾರವೆಂದರೆ ಸಂತೆ. ಕೊಡಗಿನ ಸೋಮವಾರಪೇಟೆ, ಶನಿವಾರಸಂತೆಗಳಂತೆ ಊರಿನ ಹೆಸರೇ ವಾರದ ಮೇಲೆ ನಿಂತಿರುವುದೂ ಉಂಟು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ವಾರಾನ್ನ ಉಂಡು ಓದಿದವರು. ಅವರಿಗೆ ಸೋಮವಾರವೆಂದರೆ ಒಂದು ಮನೆ, ಮಂಗಳವಾರವೆಂದರೆ ಇನ್ನೊಂದು ಮನೆ; ಮುಪ್ಪಿನಲ್ಲೂ ವಾರದ ಹೆಸರು ಕೇಳಿದರೆ ಆ ಮನೆಯ ಸಾರಿನ ವಾಸನೆ ಬರುತ್ತದೆ ಎನ್ನುತ್ತಿದ್ದರು.

ನಮ್ಮ ದೇಶದಲ್ಲಿ ಸರಕಾರಿ ಕಚೇರಿಗಳಿಗೆ ಭಾನುವಾರದ ರಜೆ ಇಂಗ್ಲಿಷರ ಆಡಳಿತದೊಂದಿಗೆ ಬಂದಿತು. ಮುಂಬಯಿಯ ಬಟ್ಟೆಗಿರಣಿಗಳ ಕೂಲಿಗಳಿಗೆ ಅದು ತಾನಾಗಿ ಬರಲಿಲ್ಲ. ಜ್ಯೋತಿಬಾ ಫುಲೆಯವರ ಒಡನಾಡಿಯಾಗಿದ್ದ ನಾರಾಯಣ ಮೇಘಾಜಿ ಲೋಖಂಡೆ ಎಂಬವರು 1884ರಲ್ಲಿ ಕಾರ್ಮಿಕರ ಸಭೆ ಕೂಡಿಸಿ ವಾರಕ್ಕೊಂದು ದಿನ ಬಿಡುವು ಬೇಕೆಂದು ಕೇಳಿದರು. ಭಾನುವಾರ ಖಂಡೋಬನ ವಾರ, ಆ ದಿನ ಬಿಡುವು ಬೇಕು ಎಂಬುದು ಅವರ ವಾದಗಳಲ್ಲೊಂದು. ಆ ಖಂಡೋಬನೇ ನಮ್ಮ ಮೈಲಾರಲಿಂಗ. ಗಿರಣಿಯ ಮಾಲೀಕರು ಒಪ್ಪಿಕೊಂಡದ್ದು 1890ರಲ್ಲಿ. 2005ರಲ್ಲಿ ಲೋಖಂಡೆಯವರ ಅಂಚೆಚೀಟಿ ಬಂದಿತು. ಕೇಳದೆ ದೊರೆತ ರಜೆಯಲ್ಲ ಅದು ಎಂಬುದನ್ನು ಹೇಳುವುದಕ್ಕಾಗಿ ಇಷ್ಟು ಬರೆದೆ. ಹಾಗಾದರೆ ಕೇಳದವರ ಗತಿ?

ನಮ್ಮ ಅಜ್ಜನ ಮನೆಯಲ್ಲಿ ಒಂದು ಜೊತೆ ಎತ್ತುಗಳಿದ್ದವು. ಸೋಮವಾರ ಅವುಗಳ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ನಮ್ಮ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಈ ಪದ್ಧತಿ ಇದ್ದಿತು. ಸೋಮವಾರ ಬಸವನ ದಿನ. ಎಂಥ ಹದದ ಮಳೆ ಬಿದ್ದಿರಲಿ, ಪಕ್ಕದ ಹೊಲದವನು ಮೊದಲು ಬಿತ್ತಿಬಿಡುತ್ತಾನೆಂಬ ಆತಂಕವಿರಲಿ, ಅಜ್ಜ ಆರು ಹೂಡುತ್ತಿರಲಿಲ್ಲ. ಎತ್ತುಗಳ ಮೈತೊಳೆದು, ಹಣೆಗೆ ವಿಭೂತಿ ಇಟ್ಟು, ಹುರುಳಿ ಬೇಯಿಸಿ ಹಾಕುತ್ತಿದ್ದರು. ಆ ಹುರುಳಿಯನ್ನು ಬೇಯಿಸುತ್ತಿದ್ದವರು ಅಜ್ಜಿ. ಸೋಮವಾರ ಅವರು ಇನ್ನೂ ಒಂದು ಗಂಟೆ ಮುಂಚಿತವಾಗಿ ಏಳುತ್ತಿದ್ದರು. ಎತ್ತಿಗೆ ಸೋಮವಾರವಿತ್ತು, ಅಜ್ಜನಿಗೂ ಅದರೊಡನೆ ಅರ್ಧ ಬಿಡುವು ಸಿಗುತ್ತಿತ್ತು; ಅಜ್ಜಿಗೆ ಯಾವ ವಾರವೂ ಇರಲಿಲ್ಲ. ಇದನ್ನು ಬಾಲ್ಯದಿಂದ ಕಣ್ಣಾರೆ ಕಂಡಿದ್ದೂ ನನಗೆ ಇದು ಹೊಳೆದದ್ದು ಎಪ್ಪತ್ತು ಹತ್ತಿರವಾದಾಗ.

ಹೊಳೆದದ್ದು ಹೇಗೆಂದರೆ, 2020ರಲ್ಲಿ. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಾಗ ಇಡೀ ಜಗತ್ತಿಗೇ ನಿವೃತ್ತಿ ಬಂದಂತಾಗಿತ್ತು. ಯಾರಿಗೂ ಇಂದು ಯಾವ ವಾರವೆಂಬುದು ತಿಳಿಯುತ್ತಿರಲಿಲ್ಲ. ಮಾರ್ಚ್ 28ರಿಂದ ದೂರದರ್ಶನದವರು ರಾಮಾನಂದ ಸಾಗರರ ರಾಮಾಯಣವನ್ನು ಬೆಳಿಗ್ಗೆ ಒಂಬತ್ತಕ್ಕೂ ರಾತ್ರಿ ಒಂಬತ್ತಕ್ಕೂ ಮತ್ತೆ ತೋರಿಸತೊಡಗಿದರು. 1987ರ ಜನವರಿಯಲ್ಲಿ ಅದು ಮೊದಲ ಸಲ ಬಂದಾಗ ಪ್ರತಿ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ನಮ್ಮ ಬೀದಿಯಲ್ಲಿ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ನಿಮ್ಮಲ್ಲಿ ಅನೇಕರು ಚಾಪೆಯ ಮೇಲೆ ಜಾಗ ಹಿಡಿದು ಕುಳಿತು ನೋಡಿದವರೇ. 2020ರಲ್ಲಿ ಒಂದು ರಾತ್ರಿ ಅದನ್ನು ನೋಡುತ್ತಿರುವಾಗ ನನ್ನ ಪತ್ನಿ, "ಓ, ಗುಹ ಹೀಗಿದ್ದಾನಾ? ನಾನು ನೋಡ್ತಿರೋದು ಇದೇ ಮೊದಲು" ಎಂದಳು. ನಾನು ನಂಬಲಿಲ್ಲ. ಒಂದೂವರೆ ವರ್ಷ ನಮ್ಮ ಮನೆಯ ನಡುಮನೆಯಲ್ಲೇ ನಡೆದ ರಾಮಾಯಣವಲ್ಲವೆ? "ನೀವೆಲ್ಲ ನೋಡಿದಿರಿ. ನಾನು ಒಳಗಿಂದ ಕೇಳಿದೆ. ಅಷ್ಟು ಜನಕ್ಕೆ ಕಾಫಿ ಆಗಬೇಕಿತ್ತಲ್ಲ. ಪಟ್ಟಾಭಿಷೇಕದ ದಿನ ಮಾತ್ರ ಬಾಗಿಲಲ್ಲಿ ನಿಂತು ನೋಡಿದ್ದೆ" ಎಂದಳು. ದೂರು ಹೇಳುವ ಧಾಟಿಯೇ ಅಲ್ಲ. ಹಾಗೆ ಹೇಳಿ ಮತ್ತೆ ಟೀವಿಯ ಕಡೆ ತಿರುಗಿದಳು. ನನಗೆ ಆಮೇಲೆ ರಾಮಾಯಣ ಕಾಣಿಸಲಿಲ್ಲ.

ಮರುದಿನ ಒಂದು ಹಾಳೆಯಲ್ಲಿ ಗೆರೆ ಎಳೆದು ಕುಳಿತೆ. ಶಾಲೆಯಲ್ಲಿ ಎಷ್ಟೋ ವರ್ಷ ವೇಳಾಪಟ್ಟಿ ಹಾಕಿದವನು ನಾನೇ. ನಲವತ್ತು ನಿಮಿಷಕ್ಕೆ ಒಂದು ಪೀರಿಯಡ್ ಎಂಬ ಅಳತೆಯಲ್ಲಿ ಅವಳ ಆ ಕಾಲದ ದಿನವನ್ನು ಅವಳ ಬಾಯಿಂದಲೇ ಕೇಳಿ ಬರೆದುಕೊಂಡೆ: ಸೌದೆ ಒಲೆ ಹಚ್ಚುವುದು, ನೀರು ಸೇದುವುದು, ಡಬ್ಬಿ ಕಟ್ಟುವುದು, ಪಾತ್ರೆ, ಬಟ್ಟೆ, ನನ್ನ ಪಂಚೆಗೆ ಗಂಜಿ ಹಾಕುವುದು, ಅತ್ತೆಯವರ ಔಷಧ. ನೆನಪಿನ ಲೆಕ್ಕವಾದ್ದರಿಂದ ಒಂದೆರಡು ಹೆಚ್ಚುಕಡಿಮೆ ಇರಬಹುದು. ಶಾಲೆ ಇದ್ದ ದಿನ 14 ಪೀರಿಯಡ್ ಬಂದಿತು. ಭಾನುವಾರ 19. ಅಂದರೆ ಹನ್ನೆರಡು ಗಂಟೆ ನಲವತ್ತು ನಿಮಿಷ. ವಾರಕ್ಕೆ ಒಟ್ಟು 103. ಅದೇ ಕಾಲದಲ್ಲಿ ನನ್ನ ವಾರದ ಹೊರೆ 28 ಪೀರಿಯಡ್. ಅದು ಹೆಚ್ಚಾಯಿತೆಂದು ಹೆಡ್ ಮೇಷ್ಟರೊಡನೆ ವಾದಿಸಿದ್ದೇನೆ.

ಭಾನುವಾರದ ಆ ಹೆಚ್ಚಿನ ಐದು ಪೀರಿಯಡ್ಡುಗಳಲ್ಲಿ ಎರಡು ನಿಮಗೆ ಸೇರಿದವು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಮೊದಲು ಲೆಕ್ಕದಲ್ಲಿ ಹಿಂದುಳಿದವರನ್ನು ನಾನು ಭಾನುವಾರ ಮನೆಗೆ ಕರೆಯುತ್ತಿದ್ದೆ. ಡಿಸೆಂಬರಿನಲ್ಲಿ ಆರೇಳು ಮಂದಿ. ಮಾರ್ಚ್ ಹತ್ತಿರವಾದಂತೆ ಇಪ್ಪತ್ತೈದು ಆಗುತ್ತಿದ್ದಿರಿ. ದೂರದ ಹಳ್ಳಿಗಳಿಂದ ನಡೆದು ಬಂದವರು ಬರಿಹೊಟ್ಟೆಯಲ್ಲಿ ಪ್ರಮೇಯ ಕಲಿಯಲಾರರೆಂದು ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ಮಾಡಿ ಕೊಡುತ್ತಿದ್ದವಳು ಅವಳು. ನೀವು ಇಂದಿಗೂ ಪತ್ರ ಬರೆಯುತ್ತೀರಿ, ಸಭೆಗಳಲ್ಲಿ ಹೇಳುತ್ತೀರಿ, "ನಮ್ಮ ಮೇಷ್ಟರು ಒಂದು ಪೈಸೆ ತೆಗೆದುಕೊಳ್ಳದೆ ಭಾನುವಾರವೂ ಪಾಠ ಹೇಳಿದರು" ಎಂದು. ಹೌದು, ನಾನು ಪೈಸೆ ತೆಗೆದುಕೊಳ್ಳಲಿಲ್ಲ. ಇಪ್ಪತ್ತೈದು ಮಂದಿಗೆ ಉಪ್ಪಿಟ್ಟು ಬೇಯಿಸಿದವಳೂ ತೆಗೆದುಕೊಳ್ಳಲಿಲ್ಲ. ಅವಳನ್ನು ಕೇಳಿ ನಾನು ನಿಮ್ಮನ್ನು ಕರೆದೆನೆ? ಇಲ್ಲ. ಬಿಟ್ಟುಕೊಡಲು ನನಗೆ ನನ್ನದೊಂದು ಭಾನುವಾರವಿತ್ತು. ಬಿಟ್ಟುಕೊಟ್ಟು ಒಳ್ಳೆಯ ಹೆಸರನ್ನೂ ಪಡೆದೆ. ಅವಳಿಗೆ ಬಿಟ್ಟುಕೊಡಲೂ ಏನೂ ಇರಲಿಲ್ಲ. ನನ್ನ ಹೆಸರಿಗೆ ಜಮೆಯಾದ ಆ ಪುಣ್ಯದಲ್ಲಿ ದೊಡ್ಡ ಪಾಲು ಅವಳದೆಂದು ನಿಮ್ಮೆಲ್ಲರ ಮುಂದೆ ಹೇಳದಿದ್ದರೆ ಈ ಲೆಕ್ಕ ತಪ್ಪಾಗಿಯೇ ಉಳಿಯುತ್ತದೆ.

ಈಗ ಆ ಕಾಫಿಯ ವಿಷಯ. ನಾನು ನಿವೃತ್ತನಾದ ಮೇಲೆ ಅವಳ ಹೊರೆ ಇಳಿಯಬೇಕಾಗಿತ್ತಷ್ಟೆ. ಮಕ್ಕಳು ದೊಡ್ಡವರಾಗಿ ಹೋಗಿದ್ದರು, ಗ್ಯಾಸು, ನಲ್ಲಿ, ಮಿಕ್ಸಿ ಎಲ್ಲ ಬಂದಿದ್ದವು. ಇಳಿಯಲಿಲ್ಲ. ಮೊದಲು ಒಂಬತ್ತಕ್ಕೆ ಡಬ್ಬಿ ಕಟ್ಟಿಕೊಟ್ಟರೆ ಸಂಜೆ ಐದರವರೆಗೆ ಮನೆ ಅವಳದಾಗಿರುತ್ತಿತ್ತು. ಇಷ್ಟ ಬಂದಾಗ ಉಣ್ಣಬಹುದಿತ್ತು, ನೆರೆಮನೆಯವರೊಡನೆ ಮಾತಾಡಬಹುದಿತ್ತು, ಅರ್ಧ ಗಂಟೆ ಅಡ್ಡಾಗಬಹುದಿತ್ತು. ಈಗ ಹತ್ತಕ್ಕೊಂದು ಕಾಫಿ, ಒಂದಕ್ಕೆ ಬಿಸಿ ಅನ್ನ, ಮೂರಕ್ಕೆ ಇನ್ನೊಂದು ಕಾಫಿ. ನನ್ನನ್ನು ನೋಡಲು ಬಂದವರಿಗೆ ಬೇರೆ. ಭಾನುವಾರದ ವೇಳಾಪಟ್ಟಿ ಸೋಮವಾರಕ್ಕೂ ಮಂಗಳವಾರಕ್ಕೂ ಹಬ್ಬಿಕೊಂಡಿತು. "ದಿನವೂ ಭಾನುವಾರ" ಎಂದು ಜನ ಹೇಳಿದ್ದು ಸುಳ್ಳಾಗಲಿಲ್ಲ ನೋಡಿ, ಅದು ಅಡಿಗೆಮನೆಯಲ್ಲಿ ಅಕ್ಷರಶಃ ನಿಜವಾಯಿತು. ವಾರದ ಆಕಾರ ಕಳೆದುಹೋಯಿತೆಂದು ನಾನು ಜಗಲಿಯಲ್ಲಿ ಕುಳಿತು ಕೊರಗುತ್ತಿದ್ದಾಗ, ಅವಳಿಗೆ ಉಳಿದಿದ್ದ ಚೂರುಪಾರು ಬಿಡುವನ್ನು ನಾನೇ ಕಾಫಿಯೊಡನೆ ಕುಡಿದು ಮುಗಿಸುತ್ತಿದ್ದೆ.

ನಾನು ಮಾಡಿದ್ದು ದೊಡ್ಡ ಕೆಲಸವೇನಲ್ಲ, ತಡವಾಗಿ ಮಾಡಿದ್ದು. 2021ರಿಂದ ನಮ್ಮ ಮನೆಯಲ್ಲಿ ಸೋಮವಾರ ಅವಳಿಗೆ ರಜೆ. ಅಷ್ಟರಲ್ಲಿ ನಾವು ಹಾಸನಕ್ಕೆ ಬಂದು ನೆಲಸಿದ್ದೆವು. ಸೋಮವಾರವೇ ಏಕೆಂದು ಅವಳು ಕೇಳಿದಾಗ ಅಜ್ಜನ ಎತ್ತುಗಳ ಕಥೆ ಹೇಳಿದೆ. "ನಾನೇನು ಎತ್ತಾ?" ಎಂದಳು. ಉತ್ತರ ಹೊಳೆಯಲಿಲ್ಲ. ಆದರೆ ಭಾನುವಾರ ಮಗನ ಕರೆ, ನೆಂಟರಿಷ್ಟರು. ಮಂಗಳವಾರ, ಶುಕ್ರವಾರ ಅವಳ ಪೂಜೆ. ಸೋಮವಾರವೇ ಅನುಕೂಲವೆಂದು ತೀರ್ಮಾನವಾಯಿತು.

ಮೊದಲ ಸೋಮವಾರ ನಾನು ಮಾಡಿದ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಅದಕ್ಕಿಂತ ಮುಖ್ಯವಾದುದು, ಅವಳಿಗೆ ರಜೆಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಜಗಲಿಯಲ್ಲಿ ಕುಳಿತು ಕುಕ್ಕರಿನ ಸಿಳ್ಳು ಎಣಿಸಿದಳು. "ಸಾಸಿವೆ ಸಿಡೀತಾ?" ಎಂದು ಕೇಳಿದಳು. ಎರಡು ಸಲ ಒಳಗೆ ಬಂದು ಹಿಡಿಬಟ್ಟೆ ಹುಡುಕುವ ನೆಪದಲ್ಲಿ ಒಲೆ ಸಣ್ಣಗೆ ಮಾಡಿ ಹೋದಳು. 2011ರ ಜೂನ್ 6ರಂದು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದವನ ಚಿತ್ರ ನನಗೆ ನೆನಪಾಯಿತು. ಆ ದಿನ ನನಗೆ ಅವಳು ಕಾಫಿ ಕೊಟ್ಟಿದ್ದಳು; ನಾನೂ ಕಾಫಿ ಮಾಡಿಕೊಟ್ಟೆ. ಡಿಕಾಕ್ಷನ್ ತೆಳ್ಳಗಾಯಿತು ಎಂದಳು. ಕುಡಿದಳು.

ಅಭ್ಯಾಸವಾಗಲು ನಾಲ್ಕಾರು ತಿಂಗಳು ಹಿಡಿಯಿತು. 2023ರ ಜೂನ್ 11ರಿಂದ ಸರಕಾರ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟ ಮೇಲಂತೂ ಸೋಮವಾರ ಅವಳು ಮನೆಯಲ್ಲಿ ಸಿಗುವುದಿಲ್ಲ. ಹೊಳೆನರಸೀಪುರದಲ್ಲಿ ತಂಗಿಯ ಮನೆ. ಬೆಳಗಿನ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಇಷ್ಟು ವರ್ಷ ಹಾಸನ ಜಿಲ್ಲೆಯಲ್ಲೇ ಬದುಕಿ ಹಳೇಬೀಡನ್ನು ಅವಳು ನೋಡಿದ್ದು ಒಮ್ಮೆ ಮಾತ್ರ, ಅದೂ ಶಾಲೆಯ ಪ್ರವಾಸದಲ್ಲಿ, ನಿಮಗೆ ಪುಳಿಯೋಗರೆ ಬಡಿಸುತ್ತ. ಈಗ ತಂಗಿಯೊಡನೆ ಎರಡು ಸಲ ಹೋಗಿಬಂದಿದ್ದಾಳೆ. ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನೆಲ್ಲ ಒಂಟಿಕೊಪ್ಪಲ್ ಪಂಚಾಂಗದ ನಡುವೆ ಇಟ್ಟುಕೊಂಡಿದ್ದಾಳೆ. ಏಕೆಂದು ನಾನು ಕೇಳಿಲ್ಲ. ಈ ಯೋಜನೆಯನ್ನು ನನ್ನ ವಾಯುವಿಹಾರದ ಗೆಳೆಯರು ಬಾಯಿತುಂಬ ಟೀಕಿಸುತ್ತಾರೆ. ಬೊಕ್ಕಸದ ಲೆಕ್ಕ ಅವರು ಹೇಳುವಂತೆಯೇ ಇರಬಹುದು. ಆದರೆ ಆ ಗೆಳೆಯರಲ್ಲಿ ಒಬ್ಬರ ಮನೆಯಲ್ಲೂ ಮನೆಯಾಕೆಗೆ ಸೋಮವಾರವಿಲ್ಲ ಎಂಬುದನ್ನು ನಾನು ಬಲ್ಲೆ.

"ಈ ವಯಸ್ಸಿನಲ್ಲಿ ಇದೆಲ್ಲ ಏಕೆ, ಅವರಾಗಿ ಕೇಳಿದರೆ?" ಎಂದು ಅವರಲ್ಲೊಬ್ಬರು ನನ್ನನ್ನೇ ಕೇಳಿದ್ದುಂಟು. ಕೇಳುವುದಿಲ್ಲ. ನಮ್ಮ ಅಜ್ಜಿ ಕೇಳಿದ್ದರೆ? ನನಗೆ ನಿವೃತ್ತಿಯ ಆದೇಶ ಬಂದಿತು, ಪಿಂಚಣಿ ಬರುತ್ತಿದೆ, ನಾನಿನ್ನೂ ಬದುಕಿದ್ದೇನೆಯೇ ಎಂದು ವರ್ಷಕ್ಕೊಮ್ಮೆ ವಿಚಾರಿಸಿಕೊಳ್ಳುವ ಖಜಾನೆಯಿದೆ. ಅವಳ ಹೆಸರಿಗೆ ಇರುವುದು ಕುಟುಂಬ ಪಿಂಚಣಿ. ಅದು ಆರಂಭವಾಗುವುದು ನಾನು ಸತ್ತ ಮೇಲೆ. ಅದಕ್ಕೆ ಮೊದಲು ಕೊಡಬೇಕಾದುದನ್ನು ನಾನೇ ಕೊಡಬೇಕಲ್ಲದೆ ಬೇರೆ ಯಾರೂ ಕೊಡುವುದಿಲ್ಲ. ವಾರಕ್ಕೆ ಒಂದು ದಿನ ಸಾಕೆ ಎಂದು ನಿಮ್ಮಲ್ಲಿ ಹೆಣ್ಣುಮಕ್ಕಳು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಲೋಖಂಡೆಯವರೂ ಒಂದೇ ದಿನ ಕೇಳಿದ್ದರು ಎಂದು ಜಾರಿಕೊಳ್ಳಬಹುದು, ಜಾರಿಕೊಳ್ಳುವುದಿಲ್ಲ. ಬೆಳಗಿನ ಕಾಫಿಯನ್ನು ಈಗ ಏಳೂ ದಿನ ನಾನೇ ಮಾಡುತ್ತಿದ್ದೇನೆ. ಡಿಕಾಕ್ಷನ್ ಸುಧಾರಿಸಿದೆಯಂತೆ.

ಇದರಿಂದ ನನಗಾದ ಲಾಭವನ್ನೂ ಮುಚ್ಚಿಡಬಾರದು. ನನ್ನ ವಾರಕ್ಕೆ ಮತ್ತೆ ಆಕಾರ ಬಂದಿದೆ. ಭಾನುವಾರ ಸಂಜೆ ತರಕಾರಿ ಹೆಚ್ಚಿಟ್ಟುಕೊಳ್ಳುವಾಗ, ನಾಳೆ ಸೋಮವಾರ ಎಂಬ ಹಳೆಯ ಸಣ್ಣ ಆತಂಕ ಹೊಟ್ಟೆಯಲ್ಲಿ ಏಳುತ್ತದೆ. ಹಿಂದೆ ಅದನ್ನು ಶಪಿಸುತ್ತಿದ್ದೆ. ಈಗ ಅದು ಬಂದರೆ ಹಳೆಯ ಪರಿಚಯದವರು ಬಂದಂತೆ ಅನ್ನಿಸುತ್ತದೆ.

ದೂರವಾಣಿ ಮಾಡಿದ್ದ ಆ ನನ್ನ ಅಧಿಕಾರಿ ವಿದ್ಯಾರ್ಥಿಗೆ ಒಂದು ಮಾತು. ಅಪ್ಪಾ, ನಿವೃತ್ತಿಯ ಆದೇಶ ಕೈಗೆ ಬರುವ ಮೊದಲು ಒಂದು ಹಾಳೆಯಲ್ಲಿ ಗೆರೆ ಎಳೆದು ನಿನ್ನ ಮನೆಯ ವೇಳಾಪಟ್ಟಿ ಹಾಕು. ಲೆಕ್ಕದಲ್ಲಿ ನೀನು ಹಿಂದುಳಿದವನಾಗಿದ್ದೆ ನಿಜ. ಆದರೆ ಇದು ಬರಿ ಕೂಡುವ ಲೆಕ್ಕ. ಸಂದೇಹ ಬಂದರೆ ನನಗೆ ಕರೆಮಾಡು. ಸೋಮವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ ಬೇಡ. ಆಗ ನಾನು ಒಲೆಯ ಮುಂದಿರುತ್ತೇನೆ, ಮಾತಿಗೆ ಕುಳಿತರೆ ಬೇಳೆ ಹೊತ್ತಿಹೋಗುತ್ತದೆ.